ಮದುವಿ ಆರ್ಡರ್ ಹಿಡಿಯೋಕಿಂತ ಮುಂಚೆ: ಹವ್ಯಾಸದ ಫೋಟೋಗ್ರಾಫರ್‌ಗೆ ಒಂದೆರಡು ಮಾತು

ಕ್ಯಾಮೆರಾ ದೊಡ್ಡದಿದ್ರ ಪ್ರೊಫೆಷನಲ್ ಅನ್ನೋ ಭ್ರಮೆ ನಮ್ಮ ಕೊಪ್ಪಳ ಕಡೆ ಇನ್ನೂ ಹೋಗಿಲ್ಲ ನೋಡ್ರಿ. ಹವ್ಯಾಸಕ್ಕ ತೆಗಿಯೋರ ಕೈಯಾಗ ಎರಡು ಲಕ್ಷದ ಕ್ಯಾಮೆರಾ ಬಾಡಿ ಇರ್ತೈತಿ, ದಿನಾ ಆರ್ಡರ್ ಮಾಡೋನು ಹಳೇ ಕ್ಯಾಮೆರಾ, ಒಂದು 50 ಎಂಎಂ ಲೆನ್ಸ್‌ನಾಗ ಮನಿ ನಡಸ್ತಿರ್ತಾನ. ಫರಕು ಬ್ಯಾರೇ ಕಡೆ ಐತಿ. ಅಂಜನಾದ್ರಿ ಬೆಟ್ಟದ ಮ್ಯಾಲೆ ಇವತ್ತು ಸೂರ್ಯ ಮುಳುಗೋದು ಸರಿ ಬರ್ಲಿಲ್ಲ ಅಂದ್ರ ನಾಳೆ ಮತ್ತ ಮೆಟ್ಲ ಹತ್ತಬಹುದು, ತಾಳಿ ಕಟ್ಟಿದ್ಮ್ಯಾಲೆ "ಇನ್ನೊಮ್ಮೆ ಕಟ್ರಿ" ಅನ್ನಾಕ ಬರಂಗಿಲ್ಲ (ಅನ್ನೋರೂ ಅದಾರ, ಆವಾಗ ಬೀಗರ ಮುಖ ನೋಡ್ಬೇಕು).

ಹಂಗಾಗಿ ಮೊದಲು ಮೆಮೊರಿ ಕಾರ್ಡ್. ಎರಡು ಕಾರ್ಡ್ ಹಾಕೋ ಕ್ಯಾಮೆರಾ ಇದ್ರ ಎರಡರಾಗೂ ಅದೇ ಫೋಟೋ ಬೀಳೋ ಹಂಗ ಸೆಟ್ ಮಾಡ್ರಿ. ನಾನು ಸಂಬಂಧಿಕರ ಮದುವಿಯಾಗ ಒಂದೇ ಕಾರ್ಡ್ ನಂಬಿಕೊಂಡು ಹೋಗಿದ್ದೆ, ಅಕ್ಕಿಕಾಳು ಮುಗಿಯೋ ಹೊತ್ತಿಗೆ ಅದು ಓಪನ್ ಆಗ್ಲಿಲ್ಲ, ಗಾಬ್ರಿಯಾಗಿ ಫಾರ್ಮ್ಯಾಟ್ ಮಾಡಿ ಅದರ ಮ್ಯಾಲೇ ಮತ್ತ ತೆಗಿಯಾಕ ಶುರು ಮಾಡಿದೆ, ಅಲ್ಲಿಗೆ ವಾಪಸ್ ಬರಬಹುದಾಗಿದ್ದ ಫೋಟೋನೂ ಹೋದ್ವು. ಕಾರ್ಡ್ ಕೈ ಕೊಟ್ರ ತೆಗೆದು ಕಿಸೇದಾಗ ಇಟ್ಕೊಳ್ರಿ, ಮುಟ್ಟಬ್ಯಾಡ್ರಿ, ಮನಿಗೆ ಹೋಗಿ ರಿಕವರಿ ಸಾಫ್ಟ್‌ವೇರ್ ಹಾಕಿ ನೋಡ್ರಿ.

ಆಮ್ಯಾಲೆ ಶಾಮಿಯಾನ. ಮಧ್ಯಾಹ್ನದ ಬಿಸಲು ಕೆಂಪು, ಹಳದಿ ಬಟ್ಟಿಯಿಂದ ಸೋಸಿ ಬಂದ್ರ ಮದುಮಗಳ ಮುಖ ಅರಿಷಿಣ ಹಚ್ಚದಿದ್ರೂ ಹಳದಿ, ಬಿಳೇ ಪಂಚೆ ಕೇಸರಿ. ಯೂಟ್ಯೂಬ್‌ನಾಗ ಫ್ಲಾಶ್ ಮ್ಯಾಲಕ್ಕ ತಿರುಗ್ಸಿ ಬೌನ್ಸ್ ಮಾಡ್ರಿ (ಬೆಳಕು ಮ್ಯಾಲೆ ಬಡಿದು ಕೆಳಗ ಬರೋ ಹಂಗ) ಅಂತಾರ, ಅದು ಬಿಳೇ ಸ್ಲ್ಯಾಬ್ ಇರೋ ಹಾಲ್‌ಗೆ ಸರಿ, ಕೆಂಪು ಬಟ್ಟಿಗೆ ಹೊಡೆದ್ರ ಕೆಂಪೇ ವಾಪಸ್ ಬರ್ತೈತಿ. ಫ್ಲಾಶಿಗೆ ಡಿಫ್ಯೂಸರ್ (ಬೆಳಕು ಮೆತ್ತಗ ಮಾಡೋ ಮುಚ್ಚಳ) ಹಾಕಿ ಮುಂದ್ಲಿಂದ ಕಮ್ಮಿ ಪವರ್‌ನಾಗ ಕೊಡ್ರಿ, ಫೋಟೋ ರಾ ಫೈಲ್‌ನಾಗ (ಆಮ್ಯಾಲೆ ಬಣ್ಣ ತಿದ್ದಾಕ ಬರೋ ಕಚ್ಚಾ ಫೈಲ್) ತೆಗೀರಿ, ಶುರುವಿನಾಗ ಒಂದು ಬಿಳೇ ಹಾಳಿ ಹಿಡಿದು ಒಂದು ಶಾಟ್ ಹೊಡ್ಕೊಂಡ್ರ ಎಡಿಟಿಂಗ್‌ನಾಗ ಬಣ್ಣ ಅದರ ಮ್ಯಾಲೆ ಸರಿ ಮಾಡಬಹುದು.

ಇಬ್ರು ತೆಗಿಯೋರಿದ್ರ ಬೆಳಿಗ್ಗೆನೇ ಎರಡೂ ಕ್ಯಾಮೆರಾದ ಟೈಮ್ ಒಂದೇ ಮಾಡ್ರಿ, ಇಲ್ಲಂದ್ರ ಆಲ್ಬಮ್ ಜೋಡ್ಸೋವಾಗ ಸುರಗಿ ಶಾಸ್ತ್ರಕ್ಕಿಂತ ಮೊದಲೇ ಊಟದ ಪಂಕ್ತಿ ಬರ್ತೈತಿ.

ಪ್ರಾಕ್ಟೀಸ್‌ಗೆ ನಮ್ಮ ಕೊಪ್ಪಳದ ಗವಿಮಠದ ಜಾತ್ರಿಗಿಂತ ಒಳ್ಳೇ ಜಾಗ ಇಲ್ಲ. ತೇರು ಎಳಿಯೋವಾಗ ಜನ ಎಸೆಯೋ ಉತ್ತತ್ತಿ ಗಾಳ್ಯಾಗ ನಿಂತಂಗ ಬರ್ಬೇಕಂದ್ರ ಶಟರ್ ಸ್ಪೀಡ್ 1/1000 ಸೆಕೆಂಡ್ ಇಲ್ಲಾ ಅದಕ್ಕಿಂತ ಜೋರು ಇಡ್ರಿ, ಜನ ಹೊಳಿ ಹರಿದಂಗ ಕಾಣ್ಬೇಕಂದ್ರ 1/15ಕ್ಕ ಇಳಸ್ರಿ. ಆದ್ರ ಒಂದು ಕಂಡೀಷನ್, "ಇಪ್ಪತ್ತು ಫೋಟೋದಾಗ ಮುಗಸ್ತೀನಿ" ಅಂತ ಮೊದಲೇ ಲೆಕ್ಕ ಇಟ್ಕೊಳ್ರಿ, ನಾನೂರು ಹೊಡೆದು ಒಂದು ಆರ್ಸೋದು ಎಲ್ಲಾರಿಗೂ ಬರ್ತೈತಿ.

ರೊಕ್ಕದ ಮಾತು: ಅಡ್ವಾನ್ಸ್ ಇಸ್ಕೊಳ್ರಿ, ಕಾಕಾನ ಮಗನ ಮದುವಿ ಆದ್ರೂ. ಎಷ್ಟು ಶೀಟಿನ ಆಲ್ಬಮ್, ಫೋಟೋ ಸೆಲೆಕ್ಷನ್ ಅವರು ಯಾವತ್ತಿನೊಳಗ ಮಾಡಿ ಕೊಡ್ಬೇಕು ಅನ್ನೋದನ್ನ ವಾಟ್ಸಾಪ್‌ನಾಗಾದ್ರೂ ಬರೆದು ಹಾಕ್ರಿ, ಯಾಕಂದ್ರ ಸೆಲೆಕ್ಷನ್ ಅವರೇ ಆರು ತಿಂಗಳು ತಡ ಮಾಡ್ತಾರ, ತೊಟ್ಟಿಲ ಕಾರ್ಯಕ್ಕ ಕರೆದಾಗ ಎಲ್ಲರ ಮುಂದ "ನಮ್ಮ ಮದುವಿ ಆಲ್ಬಮ್ ಎಲ್ಲೋ ಮಾರಾಯ" ಅಂತ ನಿಮ್ಮನ್ನೇ ಕೇಳ್ತಾರ.