ಅಮೆರಿಕದ ರೆಸಿಡೆನ್ಸಿಗೆ ಎಲ್‌ಓಆರ್ (ಶಿಫಾರಸು ಪತ್ರ): ಯಾರ ಹತ್ತಿರ ಬರೆಸಬೇಕು, ಯಾವುದನ್ನು ಕಳಿಸಬೇಕು?

ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರಲು ಶುರು. "ಸರ್, ಎಚ್‌ಓಡಿ (ವಿಭಾಗದ ಮುಖ್ಯಸ್ಥರು) ಲೆಟರ್ ಕೊಡ್ತೀನಿ ಅಂದಿದ್ದಾರೆ. ಆದರೆ ಅವರಿಗೆ ನನ್ನ ಹೆಸರೂ ಗೊತ್ತಿಲ್ಲ. ನಮ್ಮ ಯೂನಿಟ್‌ನ ಅಸಿಸ್ಟೆಂಟ್ ಪ್ರೊಫೆಸರ್ ಮೇಡಂ ನನ್ನ ಕೆಲಸ ನೋಡಿದ್ದಾರೆ. ಯಾರದು ತಗೊಳ್ಳಲಿ?"

ಮೇಡಂದು ತಗೊಳ್ಳಿ. ನೂರಕ್ಕೆ ತೊಂಬತ್ತು ಸಲ ನನ್ನ ಉತ್ತರ ಇದೇ. ಆದರೂ ಹುಡುಗರಿಗೆ ಸಮಾಧಾನ ಆಗುವುದಿಲ್ಲ. ಎಚ್‌ಓಡಿ ಅಂದರೆ ಎಚ್‌ಓಡಿ ಅಲ್ವಾ? ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನೂ ಇಲ್ಲೇ ಎಂಬಿಬಿಎಸ್ ಮುಗಿಸಿ ಅಮೆರಿಕದಲ್ಲಿ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತಜ್ಞ ತರಬೇತಿ, ಮಾಡಿದವನು. ಈಗ ಟೇಬಲ್ಲಿನ ಆ ಕಡೆ ಕೂತು ಅರ್ಜಿ ಓದುತ್ತೇನೆ.

ಮೊದಲು ಲೆಕ್ಕ ತಿಳಿದುಕೊಳ್ಳಿ

ಹೆಚ್ಚಿನ ವಿಭಾಗಗಳಿಗೆ ಅರ್ಜಿ ಹೋಗುವುದು ಎರಾಸ್ ಎಂಬ ಆನ್‌ಲೈನ್ ಅರ್ಜಿ ವ್ಯವಸ್ಥೆಯ ಮೂಲಕ. ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ 2024ರಿಂದ ರೆಸಿಡೆನ್ಸಿಕ್ಯಾಸ್ ಎಂಬ ಬೇರೆ ವ್ಯವಸ್ಥೆಗೆ ಹೋಗಿದೆ. ಎರಾಸ್‌ನಲ್ಲಿ ಎಷ್ಟು ಜನರ ಹತ್ತಿರ ಬೇಕಾದರೂ ಲೆಟರ್ ಬರೆಸಬಹುದು. ಆದರೆ ಒಂದು ಪ್ರೋಗ್ರಾಮಿಗೆ, ಅಂದರೆ ಒಂದು ಆಸ್ಪತ್ರೆಯ ರೆಸಿಡೆನ್ಸಿಗೆ, ಕಳಿಸಲು ಸಾಧ್ಯವಿರುವುದು ನಾಲ್ಕು ಮಾತ್ರ. ಹೆಚ್ಚಿನ ಕಡೆ ಕೇಳುವುದು ಮೂರು. ಕಾಲೇಜಿನಿಂದ ಹೋಗುವ ಡೀನ್ ಪತ್ರ, ಅಂದರೆ ಎಂಎಸ್‌ಪಿಇ, ಈ ಲೆಕ್ಕಕ್ಕೆ ಸೇರುವುದಿಲ್ಲ.

2022ರ ಜನವರಿಯಿಂದ ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯ ಮೊದಲ ಹಂತವಾದ ಯುಎಸ್‌ಎಂಎಲ್‌ಇ ಸ್ಟೆಪ್ 1ರಲ್ಲಿ ಅಂಕ ಕೊಡುವುದು ನಿಂತಿತು, ಈಗ ಪಾಸ್ ಅಥವಾ ಫೇಲ್ ಅಷ್ಟೇ. ಅಂಕ ನೋಡಿ ಜರಡಿ ಹಿಡಿಯುವ ಒಂದು ದಾರಿ ಹಾಗೆ ಮುಚ್ಚಿತು. ಹಾಗಾಗಿ ಲೆಟರ್ ಚೆನ್ನಾಗಿದ್ದರೆ ಓದುವವರು ಒಂದು ಕ್ಷಣ ನಿಲ್ಲುತ್ತಾರೆ.

ಯಾರನ್ನು ಕೇಳಬೇಕು: ಒಂದು ಪಟ್ಟಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಇಂಟರ್ನ್‌ಶಿಪ್‌ನಿಂದ ಇವತ್ತಿನವರೆಗೆ ನಿಮ್ಮ ಜೊತೆ ರೌಂಡ್ಸ್ ಮಾಡಿದ ಹಿರಿಯರ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಒಂದು ರೋಗಿಯ ಕಥೆ ಬರೆಯಿರಿ, ಅವರೂ ನೀವೂ ಇಬ್ಬರೂ ಇದ್ದ ಕಥೆ. ಕಥೆ ನೆನಪಾಗದ ಹೆಸರನ್ನು ಹೊಡೆದುಹಾಕಿ. ನಿಮಗೇ ನೆನಪಿಲ್ಲ ಅಂದಮೇಲೆ ಅವರಿಗೆ ಎಲ್ಲಿಂದ ನೆನಪಿರುತ್ತದೆ?

ಈ ಪರೀಕ್ಷೆಯಲ್ಲಿ ದೊಡ್ಡಪ್ಪನ ಸ್ನೇಹಿತರು, ಹೂಸ್ಟನ್‌ನಲ್ಲಿರುವ ನಮ್ಮೂರಿನ ಹೃದ್ರೋಗ ತಜ್ಞರು, ಎಲ್ಲರೂ ತಾವಾಗಿಯೇ ಉದುರಿ ಹೋಗುತ್ತಾರೆ. ಅವರ ಕೈಕೆಳಗೆ ನೀವು ಕೆಲಸ ಮಾಡಿದ್ದರೆ ಮಾತು ಬೇರೆ.

ಉಳಿದವರಲ್ಲಿ ನೀವು ಅರ್ಜಿ ಹಾಕುವ ವಿಭಾಗದವರಿಗೆ ಮೊದಲ ಜಾಗ. ಇಂಟರ್ನಲ್ ಮೆಡಿಸಿನ್‌ಗೆ ಹೋಗುವವರಿಗೆ ಸರ್ಜರಿ ಪ್ರೊಫೆಸರ್ ಎಷ್ಟು ಹೊಗಳಿದರೂ ಅದು ನಾಲ್ಕನೆಯ ಲೆಟರ್, ಮೊದಲನೆಯದಲ್ಲ. ಫ್ಯಾಮಿಲಿ ಮೆಡಿಸಿನ್ ಮಾತ್ರ ಸ್ವಲ್ಪ ಬೇರೆ. ಅಲ್ಲಿ ಮಕ್ಕಳ ವಿಭಾಗದ್ದೋ ಹೆರಿಗೆ ವಿಭಾಗದ್ದೋ ಒಂದು ಲೆಟರ್ ಇದ್ದರೆ ಅರ್ಜಿಗೆ ಒಪ್ಪುತ್ತದೆ.

ಕಳೆದ ಒಂದು ವರ್ಷದ್ದಾದರೆ ಒಳ್ಳೆಯದು. ಮೂರು ವರ್ಷ ಹಳೆಯ ಲೆಟರ್ ನೋಡಿದರೆ "ಆಮೇಲೆ ಏನು ಮಾಡ್ತಿದ್ರು?" ಅನ್ನುವ ಪ್ರಶ್ನೆ ಏಳುತ್ತದೆ.

ಅಮೆರಿಕದ ಲೆಟರ್ ಎಷ್ಟು ಬೇಕು?

ಕನಿಷ್ಠ ಎರಡು ಇದ್ದರೆ ನೆಮ್ಮದಿ. ಅಲ್ಲಿನ ಆಸ್ಪತ್ರೆಯಲ್ಲಿ, ಅಲ್ಲಿನ ಡಾಕ್ಟರ ಕಣ್ಣೆದುರು ನೀವು ಹೇಗೆ ಇದ್ದಿರಿ ಎನ್ನುವುದು ಓದುವವರಿಗೆ ಬೇಕು. ಓದುತ್ತಿರುವಾಗಲೇ ಎಲೆಕ್ಟಿವ್, ಅಂದರೆ ಅಲ್ಲಿನ ಆಸ್ಪತ್ರೆಯಲ್ಲಿ ವಿದ್ಯಾರ್ಥಿಯಾಗಿ ಕೆಲಸ ಕಲಿಯುವ ಅವಕಾಶ, ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ, ರೋಗಿಯನ್ನು ನೀವೇ ಪರೀಕ್ಷಿಸಬಹುದು. ಡಿಗ್ರಿ ಮುಗಿದಮೇಲೆ ಸಾಮಾನ್ಯವಾಗಿ ಸಿಗುವುದು ಅಬ್ಸರ್ವರ್‌ಶಿಪ್. ಅಲ್ಲಿ ಮುಟ್ಟುವಂತಿಲ್ಲ, ನೋಡಬೇಕು ಅಷ್ಟೇ.

ಹಾಗಂತ ಅಬ್ಸರ್ವರ್‌ಶಿಪ್ ಲೆಟರ್ ದಂಡ ಅಂತಲ್ಲ. ಬೆಳಿಗ್ಗೆ ರೌಂಡ್ಸ್‌ನಲ್ಲಿ ಕೇಳಿದ ಪ್ರಶ್ನೆಗೆ ರಾತ್ರಿ ಓದಿಕೊಂಡು ಮರುದಿನ ಉತ್ತರ ತಂದವರ ಬಗ್ಗೆ ಎರಡು ಸಾಲು ನಿಜವಾದದ್ದು ಬರೆಯಬಹುದು. ಸುಮ್ನೆ ಮೂಲೆಯಲ್ಲಿ ನಿಂತು ಬಂದವರ ಬಗ್ಗೆ ಏನು ಬರೆಯುತ್ತಾರೆ?

ದುಡ್ಡು ಕಟ್ಟಿಸಿಕೊಂಡು ಒಂದು ಖಾಸಗಿ ಕ್ಲಿನಿಕ್‌ಗೆ ಕಳಿಸಿ "ಲೆಟರ್ ಗ್ಯಾರಂಟಿ" ಅನ್ನುವ ಏಜೆನ್ಸಿಗಳಿವೆ. ಅಂಥ ಲೆಟರ್‌ಗಳನ್ನು ಓದಿದ್ದೇನೆ. ಹೆಸರು ಬದಲಾಗಿರುತ್ತದೆ, ಉಳಿದದ್ದು ಅದೇ. ರೆಸಿಡೆಂಟ್‌ಗಳಿಗೆ ಪಾಠ ಹೇಳುವ ಆಸ್ಪತ್ರೆಯಲ್ಲಿರುವವರು ನಾಲ್ಕು ವಾರ ನೋಡಿ ಬರೆದ ಲೆಟರ್‌ಗೆ ಇರುವ ತೂಕ ಅದಕ್ಕೆ ಬರುವುದಿಲ್ಲ.

ಕೇಳುವ ರೀತಿ

"ಸರ್, ಒಂದು ಲೆಟರ್ ಕೊಡ್ತೀರಾ?" ಅಂತ ಕೇಳಬೇಡಿ. ನಮ್ಮ ಕಡೆ ವಿದ್ಯಾರ್ಥಿಯ ಮುಖಕ್ಕೆ ಹೊಡೆದಂತೆ ಇಲ್ಲ ಅನ್ನುವವರು ಕಡಿಮೆ. "ಸರ್, ನನ್ನ ಕೆಲಸ ನೋಡಿ, ಗಟ್ಟಿಯಾಗಿ ಬರೆಯಬಹುದು ಅಂತ ನಿಮಗೆ ಅನಿಸಿದರೆ ಮಾತ್ರ ಬರೆದುಕೊಡಿ" ಅನ್ನಿ. ಇದರಿಂದ ಅವರಿಗೂ ತಪ್ಪಿಸಿಕೊಳ್ಳಲು ಒಂದು ಬಾಗಿಲು ಸಿಗುತ್ತದೆ. "ನೋಡೋಣ ಬಿಡಿ", "ಆಮೇಲೆ ಸಿಗು" ಅಂದರೋ, ಅದು ಇಲ್ಲ ಅಂತಲೇ. ನಮಸ್ಕಾರ ಹೇಳಿ ಪಟ್ಟಿಯ ಮುಂದಿನ ಹೆಸರಿಗೆ ಹೋಗಿ.

"ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ"

ಇದು ನಮ್ಮ ಕಾಲೇಜುಗಳ ದೊಡ್ಡ ರೋಗ. ನಾನು ಕೇಳಿದ ಮೊದಲ ಪ್ರೊಫೆಸರ್ ಕೂಡ ಇದನ್ನೇ ಹೇಳಿದ್ದರು. ಸಂತೋಷದಿಂದ ಬರೆದೆ. ಇನ್ನೊಬ್ಬರೂ ಹಾಗೇ ಹೇಳಿದರು, ಅದನ್ನೂ ಬರೆದೆ. ಆ ವರ್ಷ ನನಗೆ ಮ್ಯಾಚ್ ಆಗಲಿಲ್ಲ, ಅಂದರೆ ಎಲ್ಲೂ ರೆಸಿಡೆನ್ಸಿ ಸೀಟು ಸಿಗಲಿಲ್ಲ. ಅದೊಂದೇ ಕಾರಣ ಅಂತ ಹೇಳಲಾರೆ. ಆದರೆ ಹಲವು ವರ್ಷದ ಮೇಲೆ ಆ ಎರಡು ಡ್ರಾಫ್ಟ್ ತೆಗೆದು ನೋಡಿದಾಗ ನಾಚಿಕೆಯಾಯಿತು. ಎರಡರಲ್ಲೂ ಅದೇ ವಿಶೇಷಣಗಳು, ಅದೇ ಜಾಗದಲ್ಲಿ ಅದೇ ಅಲ್ಪವಿರಾಮದ ತಪ್ಪು. ದಿನಕ್ಕೆ ನಲವತ್ತು ಅರ್ಜಿ ಓದುವವರಿಗೆ ಇದು ಕಾಣದೆ ಇರುತ್ತದೆಯೇ?

ಇನ್ನೊಂದು ತೊಡಕಿದೆ. ಲೆಟರ್ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಎರಾಸ್ ಕೇಳುತ್ತದೆ. ಬಿಟ್ಟುಕೊಡಿ. ಕೊಡದಿದ್ದರೆ, ವಿದ್ಯಾರ್ಥಿ ಓದುತ್ತಾನೆ ಎಂಬ ಹೆದರಿಕೆಯಲ್ಲಿ ಬರೆದದ್ದು ಅಂತ ಓದುವವರು ತಿಳಿಯುತ್ತಾರೆ. ನೋಡುವುದಿಲ್ಲ ಅಂತ ಗುರುತು ಹಾಕಿ, ಅದೇ ಲೆಟರನ್ನು ನೀವೇ ಬರೆದರೆ ಅದು ಸುಳ್ಳಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಲೆಟರ್ ಬರೆಯಬೇಡಿ, ನೆನಪಿನ ಹಾಳೆ ಬರೆಯಿರಿ. ಒಂದೇ ಪುಟ. ಯಾವ ತಿಂಗಳು ಯಾವ ಯೂನಿಟ್, ವಾರ್ಡಿನಲ್ಲಿ ಎಷ್ಟು ಹಾಸಿಗೆ, ನೀವು ಪ್ರೆಸೆಂಟ್ ಮಾಡಿದ ಕೇಸ್ ಯಾವುದು, ಅವರು ಬೈದದ್ದು ಯಾವುದಕ್ಕೆ, ಆಮೇಲೆ ನೀವು ತಿದ್ದಿಕೊಂಡದ್ದು ಹೇಗೆ. ಜೊತೆಗೆ ಸಿವಿ. "ಸರ್, ನಿಮ್ಮ ಮಾತಿನಲ್ಲೇ ಬೇಕು, ಅರ್ಧ ಪುಟ ಆದರೂ ಸಾಕು" ಅನ್ನಿ.

ವ್ಯತ್ಯಾಸ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಬರುವ ಲೆಟರ್ ಹೀಗಿರುತ್ತದೆ: "ಇವರು ಶಿಸ್ತಿನ, ವಿಧೇಯ, ಸಮಯಪಾಲನೆ ಮಾಡುವ ವಿದ್ಯಾರ್ಥಿ. ಇವರ ಭವಿಷ್ಯ ಉಜ್ವಲವಾಗಲಿ." ನಡತೆಯ ಸರ್ಟಿಫಿಕೇಟ್ ಇದು. ಅಲ್ಲಿ ಓದುವವರಿಗೆ ಇದು ಹೊಗಳಿಕೆಯಾಗಿಯೂ ಕೇಳುವುದಿಲ್ಲ, ಹೇಳಲು ಬೇರೇನೂ ಇರಲಿಲ್ಲ ಅಂತ ಕೇಳುತ್ತದೆ.

ಇನ್ನೊಂದು ಲೆಟರ್ ಹೀಗಿರಬಹುದು: "ಡೆಂಗಿ ಕಾಲ. ಐದನೆಯ ದಿನ ಒಬ್ಬ ರೋಗಿಯ ಜ್ವರ ಬಿಟ್ಟಿತ್ತು. ನಾಳೆ ಮನೆಗೆ ಕಳಿಸೋಣ ಎಂದುಕೊಂಡಿದ್ದೆವು. ರಾತ್ರಿ ಎರಡು ಗಂಟೆಗೆ ಈ ಇಂಟರ್ನ್ ಬಿಪಿ ನೋಡಿದಾಗ 100/84 ಇತ್ತು. ಮೇಲಿನ ಅಂಕಿ ಸರಿಯಾಗಿದೆ ಎಂದು ಬಿಡಲಿಲ್ಲ. ಎರಡರ ನಡುವಿನ ಅಂತರ 16ಕ್ಕೆ ಇಳಿದದ್ದು ಅಪಾಯದ ಗುರುತು ಎಂದು ಗಮನಿಸಿ, ಕೈಕಾಲು ತಣ್ಣಗಿರುವುದನ್ನು ಮುಟ್ಟಿ ನೋಡಿ, ಡ್ಯೂಟಿ ಪಿಜಿಯನ್ನು ಎಬ್ಬಿಸಿದರು." ಇಲ್ಲಿ ಒಂದು ವಿಶೇಷಣವೂ ಇಲ್ಲ. ಆದರೂ ಇಂಥವರು ರಾತ್ರಿ ಪಾಳಿಗೆ ನಮ್ಮಲ್ಲಿ ಇರಲಿ ಅನಿಸುತ್ತದೆ.

ಒಂದು ಸಣ್ಣ ವಿಷಯ. ಕ್ಯಾಶುವಾಲ್ಟಿ, ಪೋಸ್ಟಿಂಗ್, ಥಿಯೇಟರ್ ಇವೆಲ್ಲ ನಮ್ಮ ಮಾತು. ಅಲ್ಲಿನವರಿಗೆ ಎಮರ್ಜೆನ್ಸಿ, ರೊಟೇಷನ್, ಓ.ಆರ್. ಅಂದರೆ ಮಾತ್ರ ಅರ್ಥವಾಗುತ್ತದೆ. ನೆನಪಿನ ಹಾಳೆಯಲ್ಲಿ ನೀವು ಅಲ್ಲಿನ ಪದಗಳನ್ನೇ ಬಳಸಿದರೆ ಲೆಟರ್ ಬರೆಯುವವರೂ ಬಳಸುತ್ತಾರೆ.

ಪೋರ್ಟಲ್ ಕೆಲಸ

ಪ್ರತಿ ಲೆಟರ್‌ಗೂ ಎರಾಸ್‌ನಲ್ಲಿ ಒಂದು ಮನವಿ ಫಾರಂ ತಯಾರಾಗುತ್ತದೆ. ಅದರ ಮೇಲೆ ಆ ಲೆಟರ್‌ನ ಐಡಿ ಇರುತ್ತದೆ. ಬರೆದವರು ಅಥವಾ ಅವರ ಪರವಾಗಿ ವಿಭಾಗದ ಗುಮಾಸ್ತರು ಅಪ್‌ಲೋಡ್ ಮಾಡಬೇಕು, ನೀವು ಮಾಡುವಂತಿಲ್ಲ. ಲೆಟರ್‌ಹೆಡ್ ಮತ್ತು ಸಹಿ ಬೇಕು. ಒಬ್ಬರೇ ಮೆಡಿಸಿನ್‌ಗೆ ಒಂದು, ಪೀಡಿಯಾಟ್ರಿಕ್ಸ್‌ಗೆ ಇನ್ನೊಂದು ಬರೆದರೆ ಎರಡು ಫಾರಂ, ಎರಡು ಐಡಿ. ಇಲ್ಲಿ ಅದಲುಬದಲಾದರೆ ಮಕ್ಕಳ ವಿಭಾಗಕ್ಕೆ "ಇವರಿಗೆ ವಯಸ್ಕರ ಚಿಕಿತ್ಸೆಯೇ ಜೀವ" ಅನ್ನುವ ಲೆಟರ್ ಹೋಗುತ್ತದೆ.

ಪ್ರೋಗ್ರಾಮ್‌ಗಳು ಅರ್ಜಿ ಓದಲು ಶುರು ಮಾಡುವುದು ಸೆಪ್ಟೆಂಬರ್ ಕೊನೆಯಲ್ಲಿ. ಹಾಗಾಗಿ ಮೇ, ಜೂನ್‌ನಲ್ಲೇ ಕೇಳಿ. ಜುಲೈ ಕೊನೆಗೆ ಒಂದು ಸಲ ನೆನಪಿಸಿ, ಆಗಸ್ಟ್ ಮಧ್ಯದಲ್ಲಿ ಇನ್ನೊಂದು ಸಲ. ವಾಟ್ಸ್ಆ್ಯಪ್‌ನಲ್ಲಿ ದಿನಾ ಗುಡ್ ಮಾರ್ನಿಂಗ್ ಕಳಿಸುವುದು ನೆನಪಿಸುವುದಲ್ಲ.

ಕೊನೆಗೆ ಹಂಚುವುದು

ಐದಾರು ಲೆಟರ್ ಬಂದಿವೆ ಅಂದುಕೊಳ್ಳಿ. ನೀವು ಒಂದನ್ನೂ ಓದಿಲ್ಲ. ಮತ್ತೆ ಹೆಸರುಗಳ ಪಟ್ಟಿಯ ಆ ಹಾಳೆ ತೆಗೆಯಿರಿ. ಯಾರ ಮುಂದೆ ಗಟ್ಟಿ ಕಥೆ ಇದೆಯೋ, ಕೇಳಿದಾಗ ಯಾರು ತಡವರಿಸದೆ ಒಪ್ಪಿದರೋ, ಅವರದು ಮೊದಲು. ಪ್ರೋಗ್ರಾಮಿನ ವೆಬ್‌ಸೈಟ್ ನೋಡಿ. ಕೆಲವು ಕಡೆ ವಿಭಾಗದ ಮುಖ್ಯಸ್ಥರ ಲೆಟರ್ ಬೇಕು ಅಂತ ಸ್ಪಷ್ಟವಾಗಿ ಬರೆದಿರುತ್ತಾರೆ. ಅಲ್ಲಿಗೆ ಮಾತ್ರ ಎಚ್‌ಓಡಿ ಲೆಟರ್ ಹಾಕಿ. ರಿಸರ್ಚ್ ಗೈಡ್ ಲೆಟರ್ ವಿಶ್ವವಿದ್ಯಾಲಯದ ಪ್ರೋಗ್ರಾಮ್‌ಗಳಿಗೆ ಸರಿ, ಊರಿನ ಸಣ್ಣ ಆಸ್ಪತ್ರೆಯವರಿಗೆ ಅದು ಅಷ್ಟಾಗಿ ಬೇಕಾಗುವುದಿಲ್ಲ.

ನಾಲ್ಕು ಜಾಗ ಇದೆ ಅಂತ ನಾಲ್ಕನ್ನೂ ತುಂಬಬೇಡಿ. ಮೂರು ಒಳ್ಳೆಯದರ ಪಕ್ಕದಲ್ಲಿ ಒಂದು ಸಪ್ಪೆ ಲೆಟರ್ ಕೂತರೆ ಓದುವವರ ನೆನಪಿನಲ್ಲಿ ಉಳಿಯುವುದು ಆ ಸಪ್ಪೆಯದೇ. ಒಮ್ಮೆ ಕಳಿಸಿದ ಲೆಟರ್ ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ. ಖಾಲಿ ಬಿಟ್ಟ ಜಾಗಕ್ಕೆ ಆಮೇಲೂ ಒಂದನ್ನು ಸೇರಿಸಬಹುದು. ಅಕ್ಟೋಬರ್‌ನಲ್ಲಿ ಅಬ್ಸರ್ವರ್‌ಶಿಪ್ ಮುಗಿಸುವವರು ಆ ಜಾಗವನ್ನು ಹಾಗೇ ಇಟ್ಟುಕೊಳ್ಳಿ.