ಕಾರಿನ ಕಾರ್ಪೆಟ್ಟಿಗೆ ನೀರು ಸುರಿಯುವ ಮುನ್ನ

ಮಳೆಗಾಲದಲ್ಲಿ ಮಲೆನಾಡಿನ ಕಡೆ ಓಡಾಡಿ ಬಂದ ಕಾರಿನೊಳಗೆ ಕೆಮ್ಮಣ್ಣು ಮೆತ್ತಿಕೊಂಡಿದ್ದರೆ ಅದನ್ನು ಹಸಿಯಾಗಿರುವಾಗ ಒರೆಸಲು ಹೋಗಬಾರದು. ಒರೆಸಿದಷ್ಟೂ ಕೆಸರು ಎಳೆಗಳ ಬುಡಕ್ಕೆ ಇಳಿಯುತ್ತದೆ. ಮ್ಯಾಟುಗಳನ್ನು ಹೊರಗೆ ಹಾಕಿ, ಬಾಗಿಲು ತೆರೆದಿಟ್ಟು, ಮಣ್ಣು ಪೂರ್ತಿ ಒಣಗಿದ ಮೇಲೆ ಬ್ರಷ್ಷಿನಿಂದ ಸಡಿಲಿಸುತ್ತಾ ವ್ಯಾಕ್ಯೂಮ್ ಕ್ಲೀನರ್ ಹಿಡಿದರೆ ಬಹುಪಾಲು ಕೊಳೆ ನೀರಿನ ಹಂಗಿಲ್ಲದೆಯೇ ಹೋಗುತ್ತದೆ.

ಉಳಿದ ಕಲೆಗಳಿಗೂ ನೀರು ಕಡಿಮೆಯಾದಷ್ಟೂ ಒಳ್ಳೆಯದು. ಕಾರ್ಪೆಟ್ಟಿನ ಅಡಿಯಲ್ಲಿರುವ ದಪ್ಪ ಪದರ ಒಮ್ಮೆ ನೀರು ಕುಡಿದರೆ, ಮೇಲೆ ಒಣಗಿದಂತೆ ಕಂಡರೂ ಒಳಗೆ ದಿನಗಟ್ಟಲೆ ತೇವ ಉಳಿದು ಬೂಷ್ಟು ಹಿಡಿಯುತ್ತದೆ. ಸೀಟುಗಳ ಕೆಳಗೆ ಏರ್‌ಬ್ಯಾಗಿನಂಥವುಗಳ ವೈರುಗಳೂ ಇರುವುದರಿಂದ ಬಕೆಟ್ಟಿನಿಂದ ನೀರು ಸುರಿದು ತೊಳೆಯುವುದು ಸಲ್ಲದು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಚೆಲ್ಲಿದ ಹಾಲು ಮತ್ತು ಕಾಫಿ. ಹಾಲಿನ ಅಂಶವಿರುವ ಕಲೆಗೆ ಬಿಸಿನೀರು ಮುಟ್ಟಿಸದೆ, ಹಳೆಯ ಬಿಳಿ ಪಂಚೆಯ ತುಂಡನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, ಅಂಚಿನಿಂದ ನಡುವಿಗೆ ಒತ್ತುತ್ತಾ ಬನ್ನಿ. ಬಟ್ಟೆಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೂ ಮಡಿಕೆ ಬದಲಿಸಿ ಒತ್ತಬೇಕೇ ಹೊರತು ತಿಕ್ಕಬಾರದು. ಬಣ್ಣದ ಬಟ್ಟೆಯಾದರೆ ಅದರ ಬಣ್ಣವೇ ಕಾರ್ಪೆಟ್ಟಿಗೆ ಇಳಿಯಬಹುದು. ಬಳಿಕ ಒಂದು ಮಗ್ ನೀರಿಗೆ ಚಮಚ ಶಾಂಪೂ ಕದಡಿ, ಬರೀ ನೊರೆಯನ್ನು ಬಳಸಿ, ಒದ್ದೆ ಬಟ್ಟೆಯಿಂದ ಅದನ್ನು ಪೂರ್ತಿಯಾಗಿ ತೆಗೆಯಬೇಕು. ಉಳಿದ ಸೋಪಿನ ಜಿಗುಟಿಗೆ ಧೂಳು ಬೇಗ ಅಂಟುತ್ತದೆ. ಚೆನ್ನಾಗಿ ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟರೆ ಹುಳಿ ವಾಸನೆ ತಗ್ಗುತ್ತದೆ. ಸುವಾಸನೆಯ ಸ್ಪ್ರೇ ಆ ವಾಸನೆಯನ್ನು ಮುಚ್ಚುತ್ತದೆಯಷ್ಟೇ.

ದೇವಸ್ಥಾನಕ್ಕೆ ಒಯ್ಯುವ ದೀಪದೆಣ್ಣೆ ಚೆಲ್ಲಿದರೆ ಕೂಡಲೇ ಮೈದಾಹಿಟ್ಟನ್ನೋ ಟಾಲ್ಕಂ ಪೌಡರನ್ನೋ ಹರಡಿ, ಅದು ಎಣ್ಣೆ ಹೀರಿದ ಮೇಲೆ ತೆಗೆದು, ಪಾತ್ರೆ ತೊಳೆಯುವ ದ್ರವದ ನೊರೆ ಹಚ್ಚಬೇಕು. ಅರಿಸಿನದ ಕಲೆ ಸೋಪು ತಾಗಿದೊಡನೆ ಕೆಂಪಾದರೆ ಗಾಬರಿ ಬೇಡ, ಕ್ಷಾರಕ್ಕೆ ಅದು ಹಾಗೆಯೇ ಬಣ್ಣ ಬದಲಿಸುತ್ತದೆ. ತೊಳೆದು ಬಿಸಿಲು ಬೀಳುವಂತೆ ಕಾರು ನಿಲ್ಲಿಸಿದರೆ ಕ್ರಮೇಣ ಮಾಸುತ್ತದೆ. ಬ್ಲೀಚಿಂಗ್ ಪುಡಿಯನ್ನು ಮಾತ್ರ ಹತ್ತಿರ ತರಬೇಡಿ, ಕಲೆಯೊಂದಿಗೆ ಕಾರ್ಪೆಟ್ಟಿನ ಬಣ್ಣವೂ ಹೋಗುತ್ತದೆ.

ಏನೂ ಚೆಲ್ಲದಿದ್ದರೂ ಮುಂದಿನ ಎಡಸೀಟಿನ ಕಾಲಬಳಿ ಪದೇ ಪದೇ ಒದ್ದೆಯಾಗುತ್ತಿದ್ದರೆ, ಎ.ಸಿ. ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿರುವ ಸಂಭವವಿದೆ. ಮೊದಲು ಅದನ್ನು ಮೆಕ್ಯಾನಿಕ್ ಬಳಿ ತೆರವು ಮಾಡಿಸಿ, ಆಮೇಲೆ ಕಾರ್ಪೆಟ್ಟಿಗೆ ಕೈಹಾಕಿ.