ಎಕನಾಮೆಟ್ರಿಕ್ಸ್ ತಲೆಗೆ ಹತ್ತಿದ್ದು ಸುಳ್ಳು ಡೇಟಾದಿಂದ

ಪುಣೆಯಲ್ಲಿ ಎಂ.ಎ. ಓದುವಾಗ ಎಕನಾಮೆಟ್ರಿಕ್ಸ್ (ಆರ್ಥಿಕ ಪ್ರಶ್ನೆಗಳಿಗೆ ಅಂಕಿಅಂಶಗಳಿಂದ ಉತ್ತರ ಹುಡುಕುವ ವಿದ್ಯೆ) ಕಲಿಯುವ ಬಗ್ಗೆ ಸೀನಿಯರ್‌ಗಳು ಹೇಳುತ್ತಿದ್ದದ್ದು ಒಂದೇ: ಮೊದಲು ಪ್ರೂಫ್, ಕೋಡ್ ಆಮೇಲೆ. ನಾನು ತಿರುಗಿಸಿ ಮಾಡಿದೆ. ಯಾವ ವಿಧಾನವೇ ಇರಲಿ, ಮೊದಲು ಡೇಟಾ ನಾನೇ ಹುಟ್ಟಿಸುವುದು. ಪರಿಣಾಮ 2 ಅಂತ ಒಳಗೆ ಇಟ್ಟು, ರಿಗ್ರೆಶನ್ (ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅಂತ ಅಳೆಯುವ ಲೆಕ್ಕ) ಅದನ್ನು ಹಿಡಿಯುತ್ತದಾ ನೋಡುವುದು. ರೂಮಿನಲ್ಲಿದ್ದ ಧಾರವಾಡದ ಗೆಳೆಯ, "ಸುಳ್ಳು ಡೇಟಾ ಇಟ್ಕೊಂಡು ಖರೇ ಉತ್ತರ ಹುಡುಕ್ತೀಯೇನ್ಲೇ?" ಅಂದ. ಈಗ ಅವನ ಥೀಸಿಸ್‌ನಲ್ಲೂ ನನ್ನ ಕೋಡ್ ಇದೆ.

ದುಡ್ಡಿನ ಮಾತು ಹೇಳಲೇಬೇಕು. ಒಂದು ವೀಕೆಂಡ್ ಕ್ಲಾಸಿಗೆ ಹದಿನೈದು ಸಾವಿರದ ಹತ್ತಿರ ಕಟ್ಟಿದ್ದೆ. ಅಲ್ಲಿ ಬರೀ ಸ್ಟೇಟಾ ಅನ್ನುವ ದುಡ್ಡಿನ ಸಾಫ್ಟ್‌ವೇರಿನ ಕಮಾಂಡ್ ಬರೆಸಿದರು, ಆ ದುಡ್ಡು ಹೋಯಿತು. ಆಮೇಲೆ ಪುಕ್ಕಟೆ ಸಿಗುವ ಆರ್ (R) ಸಾಫ್ಟ್‌ವೇರಿಗೆ ಬಂದೆ. ಅಪ್ಪಾ ಬಳವಂತ ಚೌಕದಲ್ಲಿ ಹಳೇ ಪುಸ್ತಕ ಕೊಂಡೆ, ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸಿದೆ. ಎಲ್ಲಾ ಸೇರಿ ನಾಲ್ಕು ಸಾವಿರ ದಾಟಿರಲಿಕ್ಕಿಲ್ಲ.

ನಿಜವಾದ ಡೇಟಾಗೆ ಅರ್ಥಶಾಸ್ತ್ರಜ್ಞರಾದ ಕಾರ್ಡ್ ಮತ್ತು ಕ್ರೂಗರ್ ಅವರ 1994ರ ಪೇಪರ್ ಹಿಡಿದೆ. ನ್ಯೂ ಜೆರ್ಸಿಯಲ್ಲಿ 1992ರ ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿ 4.25 ಡಾಲರ್‌ನಿಂದ 5.05ಕ್ಕೆ ಏರಿತ್ತಲ್ವಾ, ಅದು. 410 ಹೋಟೆಲ್‌ಗಳ ಡೇಟಾ. ಅವರ ಡಿಫ್-ಇನ್-ಡಿಫ್ (ಕೂಲಿ ಏರಿದ ಕಡೆಯ ಬದಲಾವಣೆಯಿಂದ ಏರದ ಪಕ್ಕದ ರಾಜ್ಯದ ಬದಲಾವಣೆ ಕಳೆದದ್ದು) ಒಂದು ಹೋಟೆಲಿಗೆ ಪೂರ್ಣಾವಧಿ ಲೆಕ್ಕದಲ್ಲಿ 2.76 ಕೆಲಸಗಾರರು. ನನಗೆ ವಾರಗಟ್ಟಲೆ ಆ ಅಂಕಿ ಬರಲಿಲ್ಲ. ಖಾಲಿ ಇರುವ ಸಾಲುಗಳನ್ನು ಹೇಗೆ ಇಟ್ಟುಕೊಳ್ಳಬೇಕು ಅನ್ನುವುದರಲ್ಲೇ ಗುಟ್ಟು. ಅದನ್ನು ಇಲ್ಲಿ ಬಿಡಿಸುವುದಿಲ್ಲ, ಕೂತು ಮಾಡಿದರೇನೇ ಕೈಗೆ ಕೂರುತ್ತದೆ.

ನನ್ನ ಥೀಸಿಸ್‌ನಲ್ಲಿ ಯೋಜನೆ ಬೇರೆ ಬೇರೆ ಜಿಲ್ಲೆಗೆ ಬೇರೆ ಬೇರೆ ವರ್ಷ ಬಂದಿತ್ತು. ಟೂ-ವೇ ಫಿಕ್ಸೆಡ್ ಎಫೆಕ್ಟ್ಸ್ (ಜಿಲ್ಲೆ ಜಿಲ್ಲೆಯ, ವರ್ಷ ವರ್ಷದ ಸ್ವಂತ ವ್ಯತ್ಯಾಸ ಕಳೆದು ನೋಡುವ ರಿಗ್ರೆಶನ್) ಹಾಕಿ ಮುಗಿಸು ಅಂದರು. ನಾನು ಮೊದಲು ಸುಳ್ಳು ಜಿಲ್ಲೆಗಳನ್ನು ಮಾಡಿದೆ. ಎಲ್ಲಾ ಜಿಲ್ಲೆಗೂ ಲಾಭ, ವರ್ಷ ಕಳೆದಂತೆ ಜಾಸ್ತಿ ಲಾಭ, ಕೊನೆಗೆ ಯೋಜನೆ ಸಿಗದ ಜಿಲ್ಲೆ ಒಂದೂ ಇಲ್ಲ. ಉತ್ತರ ಬಂದದ್ದು ಮೈನಸ್! ಮೊದಲೇ ಯೋಜನೆ ಸಿಕ್ಕ ಜಿಲ್ಲೆಗಳು ತಡವಾಗಿ ಸಿಕ್ಕವಕ್ಕೆ ಕಂಟ್ರೋಲ್ (ಹೋಲಿಕೆಯ ಗುಂಪು) ಆಗಿ ಕೂತಿದ್ದವು. ಅರ್ಥಶಾಸ್ತ್ರಜ್ಞ ಗುಡ್‌ಮನ್-ಬೇಕನ್ 2021ರಲ್ಲಿ ಬರೆದದ್ದು ಇದನ್ನೇ. ಓದಿದಾಗ ತಲೆಯಾಡಿಸಿದ್ದೆ, ಸ್ಕ್ರೀನ್ ಮೇಲೆ ಮೈನಸ್ ಕಂಡಾಗ ನಿದ್ದೆ ಬರಲಿಲ್ಲ. ಇನ್ನೂ ಯೋಜನೆ ಸಿಗದ ಜಿಲ್ಲೆಗಳ ಜೊತೆ ಮಾತ್ರ ಹೋಲಿಸುವ ಕಾಲವೇ-ಸಾಂಟ್'ಅನ್ನಾ ವಿಧಾನ ಹಾಕಿದೆ, ನಾನಿಟ್ಟ ಅಂಕಿಯ ಹತ್ತಿರಕ್ಕೇ ಬಂತು. ಆಮೇಲಷ್ಟೇ ನಿಜವಾದ ಡೇಟಾ ಮುಟ್ಟಿದೆ.

ನಡುವೆ ಲಾಸಲಗಾಂವ್ ಈರುಳ್ಳಿಯ ಬೇಡಿಕೆ ಅಳೆಯಲು ಮಳೆಯನ್ನು ಇನ್‌ಸ್ಟ್ರುಮೆಂಟ್ (ಪೂರೈಕೆಯ ಮೂಲಕ ಮಾತ್ರ ಬೆಲೆ ಬದಲಿಸುವ ಹೊರಗಿನ ಕಾರಣ) ಮಾಡಿ ನೋಡಿದೆ. ಫಸ್ಟ್ ಸ್ಟೇಜ್ ಎಫ್ (ಮಳೆಗೂ ಬೆಲೆಗೂ ನಂಟು ಎಷ್ಟು ಗಟ್ಟಿ ಅಂತ ಹೇಳುವ ಅಂಕಿ) ಹತ್ತು ದಾಟಿತು, ಅಂದರೆ ನಂಟೇನೋ ಸಾಕಷ್ಟು ಗಟ್ಟಿ. ಆದರೆ ನೆನೆದ ಈರುಳ್ಳಿಯ ಗುಣಮಟ್ಟವೇ ಬೇರೆ, ಕೊಳ್ಳುವವರೂ ಹಿಂದೆ ಸರಿಯುತ್ತಾರೆ. ಮಳೆ ಬೇಡಿಕೆಯನ್ನು ನೇರವಾಗಿ ಮುಟ್ಟಬಾರದು ಅನ್ನುವ ಎಕ್ಸ್‌ಕ್ಲೂಷನ್ ಷರತ್ತು ನಿಲ್ಲಲಿಲ್ಲ, ಕೈಬಿಟ್ಟೆ.

ವೈವಾದಲ್ಲಿ ಹೊರಗಿನ ಪರೀಕ್ಷಕರು ಅರ್ಧ ಹೊತ್ತು ಸುಳ್ಳು ಜಿಲ್ಲೆಗಳ ಗ್ರಾಫ್ ಬಗ್ಗೆಯೇ ಕೇಳಿದರು. ಹೋಗುವಾಗ ಕೋಡ್ ಫೈಲ್ ಕಳಿಸಿ ಅಂದರು.